ಮಳೆಗಾಲದಲ್ಲಿ ಲಾರಿ ಬಿಡೋದಾ?

ಆಷಾಢದ ಮಳೆ. ಶಿಕಾರಿಪುರದಲ್ಲಿ ಲಾರಿಗಳು ಟಾರ್ಪಾಲ್ ಹೊದ್ದು ನಿಂತಿವೆ. ಮೆಕ್ಕೆಜೋಳ ಹೊಲದಲ್ಲಿನ್ನೂ ಮೊಣಕಾಲೆತ್ತರ. ಕಟಾವೇನಿದ್ರೂ ದಸರಾ ಆಸುಪಾಸು. ಸೊರಬದ ಭತ್ತ, ಶುಂಠಿ ಅದಕ್ಕೂ ಆಚೆ. ಲೋಡಿಲ್ಲ ಅಂದ್ರೆ ಬಾಟಾ ಇಲ್ಲ. ಆಗಲೇ ಡ್ರೈವರ್‌ಗೆ ಅನ್ನಿಸೋದು, ಮಾಲೀಕರನ್ನೇ ಬದಲಿಸಿಬಿಡೋಣ ಅಂತ.

ತಡೀರಿ. ಹೊಸ ಮಾಲೀಕರಿಗೂ ಇದೇ ಮಳೆ ತಾನೆ? ಸಂಬಳ ಆಮೇಲೆ, ಗಾಡಿ ನಿಂತ ದಿನಕ್ಕೆ ಏನು ಕೊಡ್ತೀರಿ ಅಂತ ಮೊದಲು ಕೇಳಿ. ಹಳೇ ಮುಂಗಡ ಚುಕ್ತಾ ಮಾಡಿ, ಬರೆಸ್ಕೊಳ್ಳಿ. ಒರಿಜಿನಲ್ ಲೈಸೆನ್ಸ್ ಹಳೇ ಮಾಲೀಕರ ಹತ್ರ ಒತ್ತೆ ಇದ್ರೆ ಈಸ್ಕೊಳ್ಳಿ. 2018ರಿಂದ ಡಿಜಿಲಾಕರ್ ಪ್ರತಿಯೂ ನಡೆಯುತ್ತೆ, ನಿಜ. ಆದ್ರೂ ನಿಮ್ಮ ಲೈಸೆನ್ಸ್ ನಿಮ್ಮ ಜೇಬಲ್ಲೇ ಇರಲಿ. ಹೊಸ ಗಾಡಿಯ ಇನ್ಶೂರೆನ್ಸ್, ಎಫ್‌ಸಿ ನೋಡಿ. ದಾರೀಲಿ ಹಿಡಿದ್ರೆ ಮೊದಲು ಕೆಳಗಿಳಿಯೋದು ನೀವೇ.

ಬಿಡೋದೇ ಆದ್ರೆ ಜೋಳದ ಸುಗ್ಗಿ ಬರಲಿ. ಆಗ ಫೋನು ಮಾಲೀಕರೇ ಮಾಡ್ತಾರೆ.