ಯಂತ್ರಕಲಿಕೆಯ ಗಣಿತಮೂಲಗಳು ಮತ್ತು ಕನ್ನಡ

ಕನ್ನಡನಾಡಿನ ವಿಸ್ತಾರವನ್ನು ಹೇಳುವಾಗ ಕವಿರಾಜಮಾರ್ಗವು ಕಾವೇರಿಯನ್ನು ಒಂದು ಎಲ್ಲೆಯಾಗಿಯೂ ಗೋದಾವರಿಯನ್ನು ಇನ್ನೊಂದು ಎಲ್ಲೆಯಾಗಿಯೂ ಗುರುತಿಸಿದೆ. ಆ ಗೋದಾವರಿಯ ಉಗಮಸ್ಥಾನ ನಾಸಿಕದ ಸಮೀಪದ ತ್ರ್ಯಂಬಕೇಶ್ವರ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕವಿರಾಜಮಾರ್ಗದೊಡನೆ ಮತ್ತೊಂದು ಶಾಸ್ತ್ರಗ್ರಂಥವೂ ಹುಟ್ಟಿತು. ಅದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಮೊದಲನೆಯದು ಕನ್ನಡ ವಿಭಾಗಗಳ ಪಠ್ಯವಾಯಿತು. ಎರಡನೆಯದು ಗಣಿತೇತಿಹಾಸಕಾರರ ಪಾಲಿಗೆ ಉಳಿಯಿತು. ಭಾಷೆಯ ಅಧ್ಯಯನ ಒಂದು ಕಡೆ, ಗಣಿತದ ಅಧ್ಯಯನ ಇನ್ನೊಂದು ಕಡೆ ಎಂಬ ಈ ಹಂಚಿಕೆಯನ್ನು ಈಗ ಮತ್ತೆ ಪರಿಶೀಲಿಸಬೇಕಾಗಿದೆ. ಏಕೆಂದರೆ ಇಂದು ಗಣಕಯಂತ್ರವು ಕನ್ನಡವನ್ನು ಕಲಿಯುತ್ತಿರುವುದು ವ್ಯಾಕರಣದ ಮೂಲಕವಲ್ಲ, ಗಣಿತದ ಮೂಲಕ.

ಯಂತ್ರಕ್ಕೆ ನಿಯಮಗಳನ್ನು ಒಂದೊಂದಾಗಿ ಬರೆದುಕೊಡದೆ, ಹೇರಳ ಉದಾಹರಣೆಗಳನ್ನು ಒದಗಿಸಿ, ಅವುಗಳೊಳಗಿನ ಕ್ರಮವನ್ನು ಅದೇ ಕಂಡುಕೊಳ್ಳುವಂತೆ ಮಾಡುವ ವಿಧಾನಕ್ಕೆ ಯಂತ್ರಕಲಿಕೆ ಎಂದು ಹೆಸರು. ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಪೂರ್ವಸಿದ್ಧತೆಯಾಗಿ ಒಂದು ಗಣಿತದ ಪಠ್ಯಕ್ರಮವನ್ನು ಬೋಧಿಸುವುದು ರೂಢಿಯಾಗಿದೆ. ಡೈಸೆನ್‌ರೋಟ್, ಫೈಸಲ್ ಮತ್ತು ಓಂಗ್ ಬರೆದು 2020ರಲ್ಲಿ ಕೇಂಬ್ರಿಜ್‌ನಿಂದ ಪ್ರಕಟವಾದ ಪ್ರಸಿದ್ಧ ಪಠ್ಯವನ್ನು ನೋಡಿದರೆ ಇಂಥ ಪಠ್ಯಕ್ರಮದ ಸ್ವರೂಪ ತಿಳಿಯುತ್ತದೆ. ರೇಖೀಯ ಬೀಜಗಣಿತ, ಕಲನಶಾಸ್ತ್ರ, ಸಂಭವನೀಯತೆ, ಗರಿಷ್ಠ-ಕನಿಷ್ಠ ನಿರ್ಣಯ - ಇವು ಅದರ ನಾಲ್ಕು ಕಂಬಗಳು. ಈ ನಾಲ್ಕರಲ್ಲಿ ಪ್ರತಿಯೊಂದೂ ಭಾಷಾಧ್ಯಯನದ ಒಂದೊಂದು ಪ್ರಶ್ನೆಯನ್ನು ಮುಟ್ಟುತ್ತದೆಯೆಂಬುದು ಗಮನಾರ್ಹ.

ಮೊದಲನೆಯದು ರೇಖೀಯ ಬೀಜಗಣಿತ. ಯಂತ್ರಕ್ಕೆ ಪದದ ಅರ್ಥ ತಿಳಿಯದು. ಸಂಖ್ಯೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಪ್ರತಿಯೊಂದು ಪದವನ್ನೂ ನೂರಾರು ಸಂಖ್ಯೆಗಳ ಒಂದು ಸಾಲಾಗಿ ನಿರೂಪಿಸಲಾಗುತ್ತದೆ. ಈ ಸಾಲೇ ಸದಿಶ. ಅಂಥ ಸಾಲುಗಳ ಚೌಕಟ್ಟೇ ಮಾತೃಕೆ. ಒಂದೇ ಬಗೆಯ ವಾಕ್ಯಗಳಲ್ಲಿ ಕಾಣಿಸಿಕೊಳ್ಳುವ ‘ಕಾವೇರಿ’, ‘ಗೋದಾವರಿ’ ಎಂಬ ಪದಗಳ ಸದಿಶಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ‘ಗಾಣ’ ಎಂಬ ಪದದ ದಿಕ್ಕು ಬೇರೆಯಾಗಿರುತ್ತದೆ. ಪದದ ಅರ್ಥವು ಅದರ ನೆರೆಹೊರೆಯಿಂದ ನಿಶ್ಚಿತವಾಗುತ್ತದೆಂಬ ಭಾಷಾಶಾಸ್ತ್ರದ ವಿಚಾರವೇ ಇಲ್ಲಿ ಎರಡು ಸದಿಶಗಳ ನಡುವಣ ಕೋನವಾಗಿ ರೂಪಾಂತರಗೊಂಡಿದೆ.

ಎರಡನೆಯದು ಸಂಭವನೀಯತೆ. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಮಹಾವೀರಾಚಾರ್ಯನು ಆಗಲೇ ಕೊಟ್ಟಿದ್ದಾನೆ. ಸಂಭವನೀಯತೆಯ ಮೊದಲ ಮೆಟ್ಟಿಲು ಇಂಥ ಎಣಿಕೆಯೇ. ಒಂದು ಪದದ ನಂತರ ಯಾವ ಪದ ಬರಬಹುದೆಂಬುದನ್ನು ಯಂತ್ರವು ಹಿಂದಿನ ಪಠ್ಯಗಳ ಆಧಾರದಿಂದ ಅಂದಾಜು ಮಾಡುತ್ತದೆ. ಕನ್ನಡದ ವಿಶಿಷ್ಟ ತೊಡಕು ತಲೆದೋರುವುದು ಇಲ್ಲಿಯೇ. ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ, ಮನೆಯವರಿಗೂ ಎಂಬ ರೂಪಗಳನ್ನು ಬೇರೆ ಬೇರೆ ಪದಗಳೆಂದು ಎಣಿಸಿದರೆ ಒಂದೊಂದೂ ವಿರಳವಾಗಿ ದೊರೆಯುತ್ತದೆ. ಎಂದೂ ಕಾಣದ ರೂಪದ ಸಂಭವನೀಯತೆಯನ್ನು ಸೊನ್ನೆಯೆಂದು ಬಗೆದರೆ, ಗುಣಾಕಾರದ ನಿಯಮದಿಂದಾಗಿ ಅದು ಸೇರಿದ ಇಡೀ ವಾಕ್ಯವೇ ಅಸಂಭವವೆಂದಾಗುತ್ತದೆ. ಇದನ್ನು ನಿವಾರಿಸಲು ಇಂದಿನ ವ್ಯವಸ್ಥೆಗಳು ಪದಗಳನ್ನು ಚಿಕ್ಕ ತುಣುಕುಗಳಾಗಿ ಒಡೆಯುತ್ತವೆ. ಆದರೆ ಸಾಮಾನ್ಯವಾಗಿ ಎಲ್ಲಿ ಒಡೆಯಬೇಕೆಂಬುದನ್ನು ನಿರ್ಧರಿಸುವುದು ಪ್ರಕೃತಿ-ಪ್ರತ್ಯಯಗಳ ವಿವೇಕವಲ್ಲ, ತುಣುಕುಗಳ ಆವರ್ತನದ ಎಣಿಕೆ. ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಕೇಶಿರಾಜನು ಸಂಧಿ, ವಿಭಕ್ತಿಗಳನ್ನು ವಿವೇಚಿಸಿದ್ದು ಈ ಬಗೆಯ ಒಡೆಯುವಿಕೆಯನ್ನೇ. ಒಡೆದ ತುಣುಕು ಸರಿಯೋ ತಪ್ಪೋ ಎಂದು ಹೇಳಬಲ್ಲವನು ಕನ್ನಡ ವಿದ್ಯಾರ್ಥಿ. ಆದರೆ ಅದರಿಂದ ಎಣಿಕೆಯಲ್ಲಿ ಆಗುವ ವ್ಯತ್ಯಾಸವನ್ನು ಅರಿಯದೆ ಆ ಮಾತನ್ನು ಗಣಿತಜ್ಞನಿಗೆ ಮುಟ್ಟಿಸುವುದು ಅವನಿಗೆ ಸಾಧ್ಯವಾಗದು.

ಉಳಿದೆರಡು ವಿಷಯಗಳಾದ ಕಲನಶಾಸ್ತ್ರವನ್ನೂ ಗರಿಷ್ಠ-ಕನಿಷ್ಠ ನಿರ್ಣಯವನ್ನೂ ಒಟ್ಟಿಗೆ ನೋಡುವುದು ಲೇಸು. ಯಂತ್ರದ ಊಹೆಗೂ ನಿಜವಾದ ಉತ್ತರಕ್ಕೂ ಇರುವ ಅಂತರವನ್ನು ದೋಷವೆನ್ನುತ್ತಾರೆ. ಯಂತ್ರದೊಳಗಿನ ಸಂಖ್ಯೆಗಳನ್ನು ತುಸುತುಸುವೇ ಬದಲಿಸಿ ಈ ದೋಷವನ್ನು ತಗ್ಗಿಸುವುದೇ ಕಲಿಕೆ. ಯಾವ ಸಂಖ್ಯೆಯನ್ನು ಯಾವ ಕಡೆಗೆ ಬದಲಿಸಬೇಕೆಂಬುದನ್ನು ಇಳಿಜಾರಿನ ಲೆಕ್ಕ ತಿಳಿಸುತ್ತದೆ. ಇದಕ್ಕೆ ತ್ರ್ಯಂಬಕೇಶ್ವರದ ಬ್ರಹ್ಮಗಿರಿಗಿಂತ ಸೊಗಸಾದ ನಿದರ್ಶನ ಬೇಕಿಲ್ಲ. ಬೆಟ್ಟದ ಮೇಲಿನ ನೀರಿಗೆ ದೂರದ ಸಮುದ್ರ ಕಾಣುವುದಿಲ್ಲ. ತಾನಿರುವ ಜಾಗದಲ್ಲಿ ಯಾವ ಕಡೆ ಇಳಿಜಾರು ಹೆಚ್ಚೋ ಆ ಕಡೆಗೆ ಅದು ಹರಿಯುತ್ತದೆ. ಅರಬ್ಬೀ ಸಮುದ್ರ ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಆದರೂ ಗೋದಾವರಿಯು ಪೂರ್ವಕ್ಕೆ ತಿರುಗಿ, ಸುಮಾರು 1465 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಯಂತ್ರಕಲಿಕೆಯ ಶಕ್ತಿ, ಮಿತಿಗಳೆರಡೂ ಈ ದೃಷ್ಟಾಂತದಲ್ಲಿವೆ. ಸ್ಥಳೀಯ ಇಳಿಜಾರನ್ನು ಅನುಸರಿಸುವ ಯಂತ್ರವು ಎಲ್ಲಿಗೋ ತಲುಪುತ್ತದೆ. ಆದರೆ ತಲುಪಿದ್ದು ಅತ್ಯುತ್ತಮ ತಾಣವೆಂಬ ಭರವಸೆಯಿಲ್ಲ, ನಡುವಣ ತಗ್ಗಿನಲ್ಲಿ ನಿಂತುಬಿಡುವುದೂ ಉಂಟು. ಹರಿವಿನ ಗತಿಯನ್ನು ನಿರ್ಧರಿಸುವುದು ನೆಲದ ಆಕಾರ. ಆ ನೆಲವನ್ನು ರೂಪಿಸುವುದು ಯಂತ್ರಕ್ಕೆ ಒದಗಿಸಿದ ಪಠ್ಯ ಮತ್ತು ದೋಷವನ್ನು ಅಳೆಯಲು ಆಯ್ದ ಅಳತೆಗೋಲು.

ಒಂದೇ ಕ್ರಿಯೆಯನ್ನು ಮರಳಿ ಮರಳಿ ಮಾಡುತ್ತ ಸ್ಥಿರವಾದ ನೆಲೆಗೆ ಬರುವ ಈ ಕ್ರಮಕ್ಕೆ ಅದೇ ನಾಸಿಕ ಪ್ರದೇಶದಲ್ಲಿ ಇನ್ನೊಂದು ಸರಳ ನಿದರ್ಶನವಿದೆ. ದೇವಲಾಲಿಯಲ್ಲಿ ಶಾಲಾ ಅಧ್ಯಾಪಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905-1986) ಅವರು 6174 ಎಂಬ ಸಂಖ್ಯೆಯ ವೈಶಿಷ್ಟ್ಯವನ್ನು ಕಂಡುಹಿಡಿದರು. ಅಂಕೆಗಳೆಲ್ಲ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದ ಸಂಖ್ಯೆಯಿಂದ ಏರಿಕೆಯ ಕ್ರಮದಲ್ಲಿ ಬರೆದ ಸಂಖ್ಯೆಯನ್ನು ಕಳೆಯಬೇಕು. 3524ರಿಂದ ಹೊರಟರೆ ಮೊದಲು 3087, ಬಳಿಕ 8352, ಅನಂತರ 6174 ಬರುತ್ತದೆ. ಮುಂದೆ ಎಷ್ಟು ಸಲ ಮಾಡಿದರೂ 6174 ಬದಲಾಗದು. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಅಲ್ಲಿಗೇ ಬರಬೇಕು. ಯಂತ್ರಕಲಿಕೆಗೆ ಇಂಥ ಖಚಿತತೆ ಇಲ್ಲ. ಪುನರಾವರ್ತನೆ ಯಾವಾಗ ನೆಲೆ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ ಎಂಬ ವಿಚಾರವೇ ಈ ಪಠ್ಯಕ್ರಮದ ಕಠಿನ ಭಾಗ.

ಗಣಿತವನ್ನು ಕ್ರಮಬದ್ಧವಾಗಿ ಬೋಧಿಸುವ ಪಠ್ಯಕ್ರಮವೆಂಬುದು ಈ ಸೀಮೆಗೆ ಹೊಸದಲ್ಲ. ಜಳಗಾಂವ್ ಜಿಲ್ಲೆಯ ಚಾಳೀಸ್‌ಗಾಂವ್ ಬಳಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕನ್ನಡ ಎಂಬ ಹೆಸರಿನ ತಾಲೂಕಿಗೆ ಹೊಂದಿಕೊಂಡಂತೆ ಪಾಟಣ ಎಂಬ ಸ್ಥಳವಿದೆ. ಅಲ್ಲಿ ದೊರೆತ ಯಾದವ ಸಿಂಘಣನ ಕಾಲದ ಶಾಸನವು, ಭಾಸ್ಕರಾಚಾರ್ಯನ ಮೊಮ್ಮಗ ಚಾಂಗದೇವನು ಸ್ಥಾಪಿಸಿದ ಮಠಕ್ಕೆ 1207ರಲ್ಲಿ ಸೋಯಿದೇವನೆಂಬ ಸಾಮಂತನು ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಭಾಸ್ಕರನ ಸಿದ್ಧಾಂತಶಿರೋಮಣಿಯೇ ಮೊದಲಾದ ಗ್ರಂಥಗಳ ವ್ಯಾಖ್ಯಾನವೇ ಆ ಮಠದ ಉದ್ದೇಶ. 1150ರಲ್ಲಿ ರಚಿತವಾದ ಆ ಗ್ರಂಥದಲ್ಲಿ ಗ್ರಹದ ತಾತ್ಕಾಲಿಕ ಗತಿಯ ವಿಚಾರವಿದೆ. ಒಂದು ಕ್ಷಣದ ಬದಲಾವಣೆಯನ್ನು ಅಳೆಯುವ ಈ ಚಿಂತನೆಯೇ ಮುಂದೆ ಕಲನಶಾಸ್ತ್ರದಲ್ಲಿ ಪೂರ್ಣರೂಪ ಪಡೆಯಿತು.

ಈ ಶಾಸನದ ಭಾಷೆಯಲ್ಲಿ ವಿಚಾರಮಾಡಬೇಕಾದ ಅಂಶವೊಂದಿದೆ. ವಂಶವರ್ಣನೆ, ಶಾಸ್ತ್ರಪ್ರಶಂಸೆಗಳು ಸಂಸ್ಕೃತದಲ್ಲಿವೆ. ಮಾರಾಟದ ಸರಕಿನ ಸುಂಕ, ಗಾಣಗಳಿಂದ ಬರಬೇಕಾದ ಎಣ್ಣೆ ಮುಂತಾದ ಸ್ಥಳೀಯ ಆದಾಯದ ವಿವರಗಳು ಮಾತ್ರ ಹಳೆಯ ಮರಾಠಿಯಲ್ಲಿವೆ. ಗಾಣಿಗನು ಕೊಡಬೇಕಾದುದನ್ನು ಅವನ ಭಾಷೆಯಲ್ಲೇ ಬರೆಯಲಾಯಿತು; ಅವನ ಎಣ್ಣೆಯಿಂದ ಬೆಳಗಿದ ಶಾಸ್ತ್ರವಾದರೋ ಅವನಿಗೆ ತಿಳಿಯದ ಭಾಷೆಯಲ್ಲಿಯೇ ಉಳಿಯಿತು.

ಇದಕ್ಕೆ ಪ್ರತಿಯಾಗಿ ಕನ್ನಡದಲ್ಲಿ ಇನ್ನೊಂದು ಮಾರ್ಗ ಕಾಣುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಮೊದಲಾದ ಕೃತಿಗಳ ಮೂಲಕ ಶಾಸ್ತ್ರವನ್ನೇ ಕನ್ನಡಕ್ಕೆ ತಂದನು. ಹಂಚಿಕೆ, ಪಾಲು ಎಂಬ ಅರ್ಥದ ‘ಹಸುಗೆ’ಯಂಥ ದೇಶ್ಯ ಪದವು ಗಣಿತಗ್ರಂಥದ ಹೆಸರಿನಲ್ಲಿ ಸ್ಥಾನ ಪಡೆದುದು ಸಣ್ಣ ಸಂಗತಿಯಲ್ಲ.

ಇಂದಿನ ಸ್ಥಿತಿ ಪಾಟಣದ ಶಾಸನಕ್ಕೆ ಹತ್ತಿರವಾಗಿದೆ. ಗೂಗಲ್‌ನ ಅನುವಾದ ವ್ಯವಸ್ಥೆಗೆ 2011ರಲ್ಲಿ ಕನ್ನಡ ಸೇರಿತು. ಅಂದಿನಿಂದ ಕನ್ನಡದ ಪಠ್ಯವನ್ನು ಉಂಡು ಬೆಳೆಯುವ ಯಂತ್ರಗಳು ಹೆಚ್ಚುತ್ತಲೇ ಇವೆ. ಕನ್ನಡಿಗರ ಬರಹವೆಲ್ಲ ಯಂತ್ರಕ್ಕೆ ಸಲ್ಲುವ ಎಣ್ಣೆಯಾಗಿದೆ. ಯಂತ್ರದ ಶಾಸ್ತ್ರ ಮಾತ್ರ ಇಂಗ್ಲಿಷಿನಲ್ಲಿದೆ. ಸದಿಶ, ಮಾತೃಕೆ, ಸಂಭವನೀಯತೆ ಎಂಬ ಪದಗಳು ಕನ್ನಡದ ಪಠ್ಯಪುಸ್ತಕಗಳಲ್ಲಿ ಈಗಾಗಲೇ ನೆಲೆಗೊಂಡಿರುವುದರಿಂದ ಪರಿಭಾಷೆಯ ಕೊರತೆಯೇ ಮುಖ್ಯ ಅಡ್ಡಿಯೆನ್ನುವಂತಿಲ್ಲ. ಕೊರತೆಯಿರುವುದು ಆ ಪದಗಳಿಂದ ಸ್ನಾತಕೋತ್ತರ ಮಟ್ಟದ ವಿಚಾರವನ್ನು ಬರೆಯುವ, ಬೋಧಿಸುವ ಅಭ್ಯಾಸದಲ್ಲಿ. ಗಣಿತ ವಿಭಾಗವೂ ಕನ್ನಡ ವಿಭಾಗವೂ ಕೂಡಿ, ಮೇಲೆ ಹೇಳಿದ ನಾಲ್ಕು ವಿಷಯಗಳನ್ನು ಕನ್ನಡದ ಉದಾಹರಣೆಗಳೊಡನೆ ಬೋಧಿಸುವ ಒಂದು ಐಚ್ಛಿಕ ಪತ್ರಿಕೆಯನ್ನು ರೂಪಿಸುವುದು ಅಸಾಧ್ಯವೇನಲ್ಲ. ಕೇಶಿರಾಜನನ್ನು ಓದಿದ ವಿದ್ಯಾರ್ಥಿಯು ಮಾತೃಕೆಯನ್ನೂ ಓದಬಲ್ಲವನಾದಾಗ, ಯಂತ್ರವು ಕಲಿತ ಕನ್ನಡದಲ್ಲಿ ತಪ್ಪು ಎಲ್ಲಿದೆ, ಅದು ಏಕೆ ಬಂದಿತು ಎಂಬ ಎರಡನ್ನೂ ಹೇಳಬಲ್ಲನು. ಮಹಾವೀರಾಚಾರ್ಯನ ಹೆಸರನ್ನು ಸ್ಮರಿಸಿ ಹೆಮ್ಮೆಪಡುವುದಕ್ಕಿಂತ, ರಾಜಾದಿತ್ಯನು ಮಾಡಿದ ಕೆಲಸವನ್ನು ಮುಂದುವರಿಸುವುದು ಕನ್ನಡ ಅಧ್ಯಯನಕ್ಕೆ ಹೆಚ್ಚು ಶೋಭೆ ತರುತ್ತದೆ.