ನೀರಲ್ಲಿರುವ ಜೀವಕೋಶ: ಜೀವಂತ ನೋಡಿದೆವು ಅನ್ನಬಹುದೇ?

ಹೈಸ್ಕೂಲಿನ ಲ್ಯಾಬಿನಲ್ಲಿ ಕೆರೆ ನೀರಿನ ಹನಿಯೊಂದನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಇಣುಕಿದ್ದು ನೆನಪಿದೆಯಾ? ಪುಟಾಣಿ ಜೀವಿಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಆದರೆ ಬೆಳಕಿಗೂ ಒಂದು ಮಿತಿಯಿದೆ. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಅದರಲ್ಲಿ ಒಂದಾಗಿಯೇ ಕಾಣುತ್ತವೆ. ಇದನ್ನು ದಾಟುವ ದಾರಿ ತೆರೆದದ್ದು 1931ರಲ್ಲಿ. ಬರ್ಲಿನ್ನಿನ ಮ್ಯಾಕ್ಸ್ ನಾಲ್ ಮತ್ತು ಅರ್ನ್ಸ್ಟ್ ರುಸ್ಕಾ ಬೆಳಕಿನ ಬದಲು ಎಲೆಕ್ಟ್ರಾನು ಬಳಸುವ ಸೂಕ್ಷ್ಮದರ್ಶಕ ಕಟ್ಟಿದರು. (ರುಸ್ಕಾ ಅವರಿಗೆ ನೊಬೆಲ್ ಸಿಕ್ಕಿದ್ದು 1986ರಲ್ಲಿ. ಐವತ್ತೈದು ವರ್ಷ ಕಾಯಬೇಕಾಯಿತು!)

ತೊಡಕು ಇರುವುದು ಇಲ್ಲೇ. ಎಲೆಕ್ಟ್ರಾನು ಸರಾಗವಾಗಿ ಹರಿಯಲು ನಿರ್ವಾತ ಬೇಕು, ನಿರ್ವಾತದಲ್ಲಿ ನೀರು ನಿಲ್ಲುವುದಿಲ್ಲ. ಹಾಗಾಗಿ ದಶಕಗಳ ಕಾಲ ಜೀವಕೋಶವನ್ನು ರಾಸಾಯನಿಕದಲ್ಲಿ ಅದ್ದಿ, ನೀರು ತೆಗೆದು, ರಾಳದಲ್ಲಿ ಗಟ್ಟಿ ಮಾಡಿ, ತೆಳ್ಳಗೆ ಹೆರೆದು ನೋಡಿದ್ದೇ ಹೆಚ್ಚು. ಬಾಳಕದ ಮೆಣಸಿನಕಾಯಿ ಹಿಡಿದುಕೊಂಡು ಹಸಿ ಮೆಣಸಿನಕಾಯಿ ಹೇಗಿತ್ತು ಅಂತ ಹೇಳಿದ ಹಾಗೆ. ನೀರನ್ನು ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ವಿಧಾನಕ್ಕೆ 2017ರಲ್ಲಿ ನೊಬೆಲ್ ಬಂತು, ನಿಜ. ಆದರೆ ಹೆಪ್ಪುಗಟ್ಟಿದ್ದು ಅಲುಗಾಡುತ್ತದೆಯೇ?

ನೀರಿನ ಸಮೇತ ನೋಡುವ ಆಸೆ ಹಳೆಯದೇ. ಎರಡು ತೆಳು ಹಾಳೆಗಳ ನಡುವೆ ಜೀವಿಯನ್ನಿಟ್ಟು ನೋಡಬಹುದೆಂದು ಬ್ರಸೆಲ್ಸಿನ ಮಾರ್ಟನ್ 1930ರ ದಶಕದಲ್ಲೇ ಹೇಳಿದ್ದರು. ಅದು ಚೆನ್ನಾಗಿ ಕೈಗೂಡಲು ಸಿಲಿಕಾನ್ ಚಿಪ್ಪಿನ ಕಾಲ ಬರಬೇಕಾಯಿತು. 2009ರಲ್ಲಿ ಅಮೆರಿಕದಲ್ಲಿ ನೀಲ್ಸ್ ಡಿ ಯೊಂಗ, ಡಯಾನಾ ಪೆಕಿಸ್ ಮತ್ತು ಸಂಗಡಿಗರು 50 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಕಿಟಕಿಗಳ ನಡುವೆ ಇಡೀ ಜೀವಕೋಶವನ್ನು ನೀರಲ್ಲೇ ಇಟ್ಟು ನೋಡಿದರು. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ತೆಳುವಾದ ಕಿಟಕಿ! ಕೋಶಕ್ಕೆ ಅಂಟಿಸಿದ್ದ ಚಿನ್ನದ ಕಣಗಳು 4 ನ್ಯಾನೊಮೀಟರ್ ಸ್ಪಷ್ಟತೆಯಲ್ಲಿ ಕಂಡವು. ಆದರೆ ಆ ಕೋಶಗಳನ್ನು ಮೊದಲೇ ರಾಸಾಯನಿಕದಿಂದ ನಿಶ್ಚಲಗೊಳಿಸಲಾಗಿತ್ತು, ಅಂದರೆ ಜೀವ ಹೋಗಿತ್ತು.

2011ರಲ್ಲಿ ಅವರೇ ಯೀಸ್ಟ್ ತೆಗೆದುಕೊಂಡರು. ಆಫ್ರಿಕಾದ ಸಿರಿಧಾನ್ಯದ ಬಿಯರಿನಲ್ಲಿ ಮೊದಲು ಸಿಕ್ಕ ಜಾತಿಯದು. ಕಿರಣ ಬೀಳುವ ಮುನ್ನ ಅದು ಜೀವಂತವಿತ್ತು.

ಬಿದ್ದ ಮೇಲೆ? ಪ್ರಶ್ನೆ ಅದೇ. ಮನುಷ್ಯನ ಮೈಗೆ ಒಮ್ಮೆಗೇ ಸುಮಾರು 5 ಗ್ರೇ ವಿಕಿರಣ ತಗುಲಿದರೆ ಪ್ರಾಣಕ್ಕೆ ಅಪಾಯ. ಇಲ್ಲಿ ಒಂದು ಚದರ ಆಂಗ್‌ಸ್ಟ್ರಾಮ್ ಜಾಗಕ್ಕೆ ಒಂದೇ ಒಂದು ಎಲೆಕ್ಟ್ರಾನು ಬಿದ್ದರೂ ಲೆಕ್ಕ ಹತ್ತಾರು ಲಕ್ಷ ಗ್ರೇ ದಾಟುತ್ತದೆ. ನೀರಿನ ಅಣು ಒಡೆದು ಹೈಡ್ರೊಜನ್ ಪೆರಾಕ್ಸೈಡಿನಂಥ ವಿಷ ಹುಟ್ಟುತ್ತದೆ. ಇದನ್ನೆಲ್ಲ ತೂಗಿ ನೋಡಿ ಡಿ ಯೊಂಗ ಮತ್ತು ಪೆಕಿಸ್ 2016ರಲ್ಲಿ, ಜೀವಂತ ಕೋಶದ ಎಲೆಕ್ಟ್ರಾನು ಚಿತ್ರಣ ಬಹುಶಃ ಅಸಾಧ್ಯ ಎಂದು ಬರೆದರು. ತಮ್ಮದೇ ಕ್ಷೇತ್ರದ ಬಗ್ಗೆ ಹೀಗೆ ಬರೆಯಲು ಗುಂಡಿಗೆ ಬೇಕು ಕಣ್ರೀ! ಅದೇ ವರ್ಷ ಇನ್ನೊಂದು ಅಮೆರಿಕನ್ ತಂಡ, ಬ್ಯಾಕ್ಟೀರಿಯಾವನ್ನು ಜೀವಂತವಾಗಿಯೇ 5 ನ್ಯಾನೊಮೀಟರ್ ಸ್ಪಷ್ಟತೆಯಲ್ಲಿ ನೋಡಿದ್ದೇವೆ ಎಂದು ವರದಿ ಮಾಡಿತು. ನನಗೇನೋ ಲೆಕ್ಕ ಹಾಕಿದವರ ಮಾತೇ ಗಟ್ಟಿ ಅನ್ನಿಸುತ್ತದೆ.

ಹಾಗಂತ ಶ್ರಮ ವ್ಯರ್ಥವಾಗಲಿಲ್ಲ. 2015ರಲ್ಲಿ ಇದೇ ತಂಡ ಸ್ತನ ಕ್ಯಾನ್ಸರಿನ ಕೋಶಗಳ ಮೇಲಿನ ಎಚ್‌ಇಆರ್-2 ಎಂಬ ಪ್ರೋಟೀನು ಎಲ್ಲಿ ಒಂಟಿ, ಎಲ್ಲಿ ಜೋಡಿ ಎಂದು ತೋರಿಸಿತು. ಟ್ರಾಸ್ಟುಜುಮ್ಯಾಬ್ ಔಷಧ ಹೋಗಿ ಹಿಡಿಯುವುದು ಇದನ್ನೇ. ಕೋಶದಿಂದ ಕೋಶಕ್ಕೆ, ಒಂದೇ ಕೋಶದಲ್ಲೂ ಜಾಗದಿಂದ ಜಾಗಕ್ಕೆ, ಜೋಡಿಗಳು ಬೇರೆ ಬೇರೆಯಾಗಿದ್ದವು. ಒಣಗಿಸಿ ಹೆರೆಯುವ ಹಳೇ ಪದ್ಧತಿಯಲ್ಲಿ ಇಡೀ ಕೋಶದ ಈ ನಕ್ಷೆ ಸಿಗುವುದು ಕಷ್ಟವಿತ್ತು. ಇಲ್ಲಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಮೊದಲು ಕೋಶದ ಆಕಾರ ನೋಡಿ, ಆಮೇಲೆ ತೆಳು ನೀರಿನ ಪದರದಡಿ ಅದೇ ಕೋಶದ ಮೇಲೆ ಎಲೆಕ್ಟ್ರಾನು ಬಿಡುತ್ತಾರೆ.