ತಿರುವೊಟ್ಟಿಯೂರಿನ ಬುಲೆಟ್ಟಿಗೆ ಇಂಗ್ಲೆಂಡಿನ ಅಂಗಿ ಯಾಕೆ?

ಹಳೇ ಬುಲೆಟ್‌ಗಳನ್ನು ಗುಜರಿಯಿಂದಲೋ ಯಾರದೋ ಹಿತ್ತಲಿನಿಂದಲೋ ಎತ್ತಿ ತಂದು, ನಟ್ಟು ಬೋಲ್ಟು ಬಿಡದೆ ಬಿಚ್ಚಿ, ತುಕ್ಕು ಉಜ್ಜಿ, ಬೋರು ಹೊಡೆಸಿ, ಬಣ್ಣ ಬಳಿದು ಮತ್ತೆ ರಸ್ತೆಗಿಳಿಸುವುದು ಈಗ ಹೊಟ್ಟೆ ತುಂಬಿಸುವ ಕಸುಬೇ ಆಗಿದೆ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಚೆನ್ನೈನ ಪುದುಪೇಟೆ ಇದರ ಬೇರುಗಳು. ಕೈಚಳಕದ ಬಗ್ಗೆ ದೂರಿಲ್ಲ. ಎರಡು ದಶಕ ಮಳೆಯಲ್ಲಿ ನೆಂದ ಎಂಜಿನ್ನಿಗೂ ನಮ್ಮ ಮೆಕ್ಯಾನಿಕ್ಕುಗಳು ಜೀವ ಕೊಡುತ್ತಾರೆ. ದೂರಿರುವುದು ಕೊನೆಯ ಹಂತದ ಬಗ್ಗೆ. ಎಪ್ಪತ್ತರ ದಶಕದ ಗಾಡಿಯೊಂದು ಗ್ಯಾರೇಜಿನಿಂದ ಹೊರಬರುವಾಗ ಅದರ ಟ್ಯಾಂಕಿನ ಮೇಲೆ ‘ಎನ್‌ಫೀಲ್ಡ್’ಗೆ ಮುನ್ನ ‘ರಾಯಲ್’ ಸೇರಿಕೊಂಡಿರುತ್ತದೆ, ಟೂಲ್ ಬಾಕ್ಸಿನ ಮೇಲೆ ಬುಲೆಟ್ಟಿನ ಇಂಗ್ಲೆಂಡಿನ ತವರು ರೆಡ್ಡಿಚ್‌ನ ಸ್ಟಿಕ್ಕರ್ ಕೂತಿರುತ್ತದೆ, ಇಂಗ್ಲೆಂಡಿನಿಂದ ತರಿಸಿದ ಅಮಲ್ ಕಾರ್ಬುರೇಟರ್ ಹೊಳೆಯುತ್ತಿರುತ್ತದೆ. ಹುಟ್ಟಿದ್ದು ತಿರುವೊಟ್ಟಿಯೂರಿನಲ್ಲಿ, ಜಾತಕ ಬರೆಸಿಕೊಂಡದ್ದು ವೂಸ್ಟರ್‌ಶೈರಿನಲ್ಲಿ. ಇದನ್ನು ಜೀರ್ಣೋದ್ಧಾರ ಎನ್ನಲು ಮನಸ್ಸು ಒಪ್ಪುವುದಿಲ್ಲ, ಇದು ವೇಷ.

ತಿರುವೊಟ್ಟಿಯೂರು ಅಂದರೆ ಉತ್ತರ ಚೆನ್ನೈನ ಕಡಲಂಚು. ತ್ಯಾಗರಾಜಸ್ವಾಮಿ ಗುಡಿಗೂ ಮೀನುಗಾರರ ಕುಪ್ಪಗಳಿಗೂ ಹೆಸರಾದ ಈ ಊರು ಸ್ವಾತಂತ್ರ್ಯಾನಂತರ ಕಾರ್ಖಾನೆಗಳ ಸಾಲಾಯಿತು. ಪಕ್ಕದ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್ ಲಾರಿಗಳು, ಊರೊಳಗೇ ಎಂಆರ್‌ಎಫ್ ಟೈರುಗಳು. 1950ರ ದಶಕದ ಮೊದಲ ಭಾಗದಲ್ಲಿ ಸರ್ಕಾರ ಗಡಿ ಕಾಯುವ ಸೈನಿಕರಿಗೆಂದು 350 ಸಿಸಿಯ 800 ಬುಲೆಟ್‌ಗಳಿಗೆ ಬೇಡಿಕೆ ಕೊಟ್ಟಿತು. ಅದರ ಬೆನ್ನಿಗೇ 1955ರಲ್ಲಿ ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಕಂಪನಿ ಮದ್ರಾಸ್ ಮೋಟರ್ಸ್ ಜತೆ ಕೈಜೋಡಿಸಿ ಎನ್‌ಫೀಲ್ಡ್ ಇಂಡಿಯಾವನ್ನು ಹುಟ್ಟುಹಾಕಿತು. ಮೊದಮೊದಲು ಇಲ್ಲಿ ನಡೆದದ್ದು ಇಂಗ್ಲೆಂಡಿನಿಂದ ಬಂದ ಭಾಗಗಳ ಜೋಡಣೆ ಮಾತ್ರ. 1960ರ ದಶಕದ ಆರಂಭಕ್ಕೆ ಭಾಗಗಳೂ ಇಲ್ಲೇ ತಯಾರಾಗತೊಡಗಿದವು. ಅತ್ತ ಇಂಗ್ಲೆಂಡಿನಲ್ಲಿ ಮೂಲ ಕಂಪನಿ ಸೊರಗುತ್ತಾ ಹೋಗಿ 1970ಕ್ಕೆ ಬಾಗಿಲು ಹಾಕಿತು. ಇತ್ತ ತಿರುವೊಟ್ಟಿಯೂರು 1955ರ ವಿನ್ಯಾಸವನ್ನೇ ಹಿಡಿದುಕೊಂಡು ಕೂತಿತ್ತು, ಮಾಡುತ್ತಲೇ ಇತ್ತು. 1977ರಲ್ಲಿ ಅದೇ ಗಾಡಿಯನ್ನು ಇಂಗ್ಲೆಂಡಿಗೆ ರಫ್ತು ಮಾಡಲು ಶುರುಮಾಡಿದಾಗ ಅಲ್ಲಿನವರಿಗೆ ಸಿಕ್ಕಿದ್ದು ತಮ್ಮ ಅಪ್ಪಂದಿರ ಕಾಲದ ಬೈಕು, ಹೊಚ್ಚ ಹೊಸದಾಗಿ. ಇಂದು ಇಂಗ್ಲೆಂಡಿನ ಸಂಗ್ರಾಹಕರು ತಮ್ಮ ರೆಡ್ಡಿಚ್ ಬುಲೆಟ್‌ಗಳನ್ನು ಓಡಿಸಲು ಭಾರತದ ಸ್ಪೇರ್ ತರಿಸಿಕೊಳ್ಳುತ್ತಾರೆ, ನಮ್ಮವರು ಇಂಗ್ಲೆಂಡಿನ ಬ್ಯಾಡ್ಜು ತರಿಸಿಕೊಳ್ಳುತ್ತಾರೆ. ನಷ್ಟದ ವ್ಯಾಪಾರ ಯಾರದೆಂದು ಹೇಳಬೇಕಿಲ್ಲ.

ಇದಕ್ಕೆ ಸಿಗುವ ಮೊದಲ ಉತ್ತರ: ಎರಡೂ ಒಂದೇ ಗಾಡಿ ತಾನೆ, ವ್ಯತ್ಯಾಸವೇನು? ಎಂಜಿನ್ನಿನ ಅಡಿಪಾಯ ಒಂದೇ, ನಿಜ. 70 ಮಿಲಿಮೀಟರ್ ಬೋರು, 90 ಮಿಲಿಮೀಟರ್ ಸ್ಟ್ರೋಕು, 346 ಸಿಸಿ, ಬೀಡು ಕಬ್ಬಿಣದ ಸಿಲಿಂಡರು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಸ್ಟಾರ್ಟ್ ಮಾಡುವುದಕ್ಕೂ ಒಂದು ಶಾಸ್ತ್ರವುಂಟು. ಡಿಕಂಪ್ರೆಷನ್ ಲಿವರ್ ಒತ್ತಿ ಕಿಕ್ಕರನ್ನು ನಿಧಾನವಾಗಿ ತಳ್ಳುತ್ತಾ, ಹೆಡ್‌ಲೈಟಿನ ಮೇಲಿನ ಆಂಪ್ ಮೀಟರಿನ ಮುಳ್ಳು ನಡುವಿಗೆ ಬರುವುದನ್ನೇ ಕಾಯಬೇಕು. ಮುಳ್ಳು ನಡುವಿಗೆ ಬಂತೆಂದರೆ ಪಾಯಿಂಟು ತೆರೆದುಕೊಂಡಿದೆ, ಪಿಸ್ಟನ್ ತುದಿ ಮುಟ್ಟಿದೆ ಎಂದರ್ಥ; ಲಿವರ್ ಬಿಟ್ಟು, ಸ್ವಲ್ಪ ಮುಂದೊತ್ತಿ, ಆಮೇಲೆ ಒಂದೇ ತುಳಿತ. ಅವಸರ ಮಾಡಿದವನ ಮೊಣಕಾಲನ್ನು ಕಿಕ್ಕರು ವಾಪಸು ವಿಚಾರಿಸಿಕೊಳ್ಳುತ್ತದೆ. ಗೇರ್ ಪೆಡಲಿನ ಹಿಂದೆ ಹಿಮ್ಮಡಿಗೆ ಸಿಗುವ ಚಿಕ್ಕ ಲಿವರೊಂದಿದೆ, ನ್ಯೂಟ್ರಲ್ ಫೈಂಡರ್; ನಾಲ್ಕನೇ ಗೇರಿನಲ್ಲಿದ್ದರೂ ಒಂದು ಒತ್ತಿಗೆ ಗಾಡಿ ನ್ಯೂಟ್ರಲ್ಲಿಗೆ ಬಂದು ನಿಲ್ಲುತ್ತದೆ. ಇದೆಲ್ಲ ರೆಡ್ಡಿಚ್ ಕೊಟ್ಟದ್ದೇ. ಆದರೆ ಆ ಅಡಿಪಾಯದ ಮೇಲೆ ಅರ್ಧ ಶತಮಾನ ಕಟ್ಟಿದ್ದೆಲ್ಲ ಇಲ್ಲಿಯದು. ಆಮದಿಗೆ ಕಡಿವಾಣವಿದ್ದ ಆ ಕಾಲದಲ್ಲಿ ಬಿಡಿಭಾಗಕ್ಕೆಲ್ಲ ಇಲ್ಲಿಯ ಪೂರೈಕೆದಾರರನ್ನು ಹುಡುಕಿಕೊಳ್ಳಬೇಕಿತ್ತು. ಆಮೇಲೆ ಅಮಲ್ ಜಾಗಕ್ಕೆ ಚೆನ್ನೈಯದೇ ಆದ ಮಿಕ್‌ಕಾರ್ಬ್ ಬಂತು. ಟ್ಯಾಂಕಿನ ಬಂಗಾರದ ಗೆರೆಗಳನ್ನು ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಯಂತ್ರ ಎಳೆಯುತ್ತಿರಲಿಲ್ಲ; ಕುಂಚ ಹಿಡಿದ ಕೈ, ಅಳತೆಪಟ್ಟಿಯಿಲ್ಲದೆ, ಟ್ಯಾಂಕಿನ ಉಬ್ಬಿನ ಜತೆ ತಿರುಗುತ್ತಾ ಎಳೆಯುತ್ತಿತ್ತು. ಅಂಥ ಗೆರೆ ಸಾಣೆ ಕಾಗದಕ್ಕೆ ಸಿಕ್ಕು, ಅದರ ಜಾಗಕ್ಕೆ ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಬಂದರೆ ಹೋದದ್ದು ಬರೀ ಬಣ್ಣವಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಕಾರ್ಖಾನೆಯೇ ಒಂದು ಮಾದರಿಗೆ ನಿಲ್ಲದೆ, ಸಿಕ್ಕ ಪೂರೈಕೆದಾರನ ಭಾಗ ಹಾಕಿ ಕಳಿಸುತ್ತಿದ್ದಾಗ ‘ಅಸಲಿ’ ಅಂತ ಯಾವುದನ್ನು ಹಿಡಿಯುವುದು? ಸೇನೆ ಹರಾಜು ಹಾಕಿದ ಗಾಡಿಗಳಲ್ಲಂತೂ ಮೂರು ಬೈಕಿನ ಭಾಗಗಳು ಒಂದರಲ್ಲಿ ಕೂಡಿರುವುದುಂಟು. ಮಾತು ಸರಿ, ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆ. ಕಾಗದದಲ್ಲಿ ದಾಖಲೆ ಇಲ್ಲದ ಕಡೆ ಗಾಡಿಯೇ ದಾಖಲೆ. ಬಿಚ್ಚುವ ಮೊದಲು ಫೋಟೊ ತೆಗೆಯುವುದು, ಹಳೇ ಬಣ್ಣದ ಪದರಗಳನ್ನು ಒಂದು ಮೂಲೆಯಲ್ಲಾದರೂ ಕೆರೆದು ನೋಡುವುದು, ಎಂಜಿನ್ ಮತ್ತು ಚಾಸಿ ನಂಬರನ್ನು ಆರ್.ಸಿ. ಪುಸ್ತಕದ ಜತೆ ತಾಳೆ ಹಾಕುವುದು, ತೆಗೆದ ಭಾಗವನ್ನು ಗುಜರಿಗೆ ಎಸೆಯದೆ ಡಬ್ಬಿಯಲ್ಲಿಡುವುದು, ಇವಕ್ಕೆ ಖರ್ಚೇನೂ ಇಲ್ಲ. ಆಲಿವ್ ಹಸಿರಿನ ಅಡಿಯಿಂದ ಕಪ್ಪು ಇಣುಕಿದರೆ ಆ ಗಾಡಿಯ ಬದುಕು ಎರಡು ಅಧ್ಯಾಯದ್ದೆಂದು ತಿಳಿಯುತ್ತದೆ. ಎಲ್ಲ ಕೆರೆದು ಪೌಡರ್ ಕೋಟಿಂಗಿಗೆ ಕೊಟ್ಟರೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಓಡಿಸುವವರ ಗತಿ? ಬುಲೆಟ್ ಗಾಜಿನ ಪೆಟ್ಟಿಗೆಯ ವಸ್ತುವಲ್ಲ. ಕನೆಕ್ಟಿಂಗ್ ರಾಡಿನ ಬುಡದಲ್ಲಿದ್ದ ಹಳೇ ತೇಲು ಬುಶ್ಶನ್ನು ತೆಗೆದು ರೋಲರ್ ಬೇರಿಂಗ್ ಕೂರಿಸುವುದು, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ಇಂದಿನ ಹೆದ್ದಾರಿಗೆ ಬೇಕಾದ ಬದಲಾವಣೆಗಳೇ. ಅವನ್ನು ವಿರೋಧಿಸುವುದು ಮಡಿವಂತಿಕೆ. ಮತ್ತೆ ಹಿಂದಕ್ಕೆ ತರಬಹುದಾದ ಬದಲಾವಣೆಯಿಂದ ಗಾಡಿಗೆ ಅನ್ಯಾಯವಾಗುವುದಿಲ್ಲ. ಚಾಸಿ ಕತ್ತರಿಸಿ ಹಿಂಬದಿ ಮೊಟಕು ಮಾಡಿದರೆ ಆಗುತ್ತದೆ. ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2021ರ ಜುಲೈನಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಗೆ 50 ವರ್ಷ ದಾಟಿದ ಗಾಡಿ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿದ್ದರೆ, ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು. ನಂಬರಿನಲ್ಲಿ ‘ವಿಎ’ ಎಂಬ ಗುರುತು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ದಿನಾ ಓಡಿಸುವವರು ಆ ನಂಬರಿನ ಆಸೆ ಬಿಡುವುದೇ ಲೇಸು. ಇನ್ನು ನಿಯಮ ‘ಮೂಲ ರೂಪ’ ಎನ್ನುವಾಗ ಅದು ಮದ್ರಾಸಿನ ಬುಲೆಟ್ಟಿಗೆ ಮದ್ರಾಸಿನ ರೂಪವೇ ಆಗಬೇಕಲ್ಲದೆ ಬೇರೇನು?

ಕನ್ನಡ ನಾಡಿನಲ್ಲಿ ಇದಕ್ಕೊಂದು ಒಳ್ಳೆಯ ಎದುರು ಉದಾಹರಣೆ ಇದೆ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ಚೆಕ್ ಮೂಲದ ಬೈಕುಗಳನ್ನು ತಯಾರಿಸಿತು. ಆದರೆ ಆ ಕಾರ್ಖಾನೆಯ ಯೆಜ್ಡಿ ಇಟ್ಟುಕೊಂಡವರು ಅದನ್ನು ಪ್ರಾಗ್‌ನದೆಂದು ತೋರಿಸಲು ಹೋಗುವುದಿಲ್ಲ, ಮೈಸೂರಿನ ಗಾಡಿ ಎಂದೇ ಎದೆಯುಬ್ಬಿಸುತ್ತಾರೆ. ಬುಲೆಟ್ ಪ್ರಿಯರಿಗೆ ಆ ಧೈರ್ಯ ಬಾರದಿರಲು ಬೆಲೆಯೂ ಕಾರಣ: ಇಂಗ್ಲೆಂಡಿನದೆಂದರೆ ಕೊಳ್ಳುವವರು ಥೈಲಿ ದೊಡ್ಡದು ಮಾಡುತ್ತಾರೆ. ಈ ಮೋಹದಿಂದ ಹೆಚ್ಚು ಪೆಟ್ಟು ತಿಂದವು ಮಾತ್ರ ರೆಡ್ಡಿಚ್‌ನಲ್ಲಿ ಅಣ್ಣತಮ್ಮಂದಿರೇ ಇಲ್ಲದ ಎನ್‌ಫೀಲ್ಡ್‌ಗಳು. ಫ್ಯಾಂಟಾಬುಲಸ್ ಸ್ಕೂಟರು, ಮಿನಿ ಬುಲೆಟ್, ಜರ್ಮನಿಯ ತ್ಸುಂಡಾಪ್ ವಿನ್ಯಾಸದ ಫ್ಯೂರಿ. ಎಲ್ಲಕ್ಕಿಂತ ಹೆಚ್ಚಾಗಿ 325 ಸಿಸಿಯ, ಆರೂವರೆ ಅಶ್ವಶಕ್ತಿಯ ಡೀಸೆಲ್ ಗಾಡಿ ಟಾರಸ್. ಸಾಲಾಗಿ ತಯಾರಾಗಿ ಅಂಗಡಿಯಲ್ಲಿ ಮಾರಾಟವಾದ ಡೀಸೆಲ್ ಬೈಕುಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ನಮ್ಮಲ್ಲಿ ಇಂದಿಗೂ ಟಾರಸ್‌ನ ಡೀಸೆಲ್ ಎಂಜಿನ್ ಇಳಿಸಿ, ಪೆಟ್ರೋಲಿನದು ಏರಿಸಿ, ಟ್ಯಾಂಕಿಗೆ ‘ರಾಯಲ್’ ಅಂಟಿಸಿ ಮಾರುವವರಿದ್ದಾರೆ.